ಮೂರನೆಯವಳ ಕಾಗದ

ನಮ್ಮ ಕಡೆ ಹೆಸರೇ ಎಣಿಕೆ.
ಎರಡನೇ ಹೆಣ್ಣು ಕುಂಬಾ, ಮೂರನೆಯದು ಪೆಂಡಾ,
ನಾಲ್ಕನೆಯದು ತಕ್ಕೊ.
ನಾನು ನಾಲ್ಕನೆಯವಳು.
ವಕೀಲರ ಪಟ್ಟಿಯಲ್ಲಿ, ಪಾಸ್‌ಪೋರ್ಟಿನಲ್ಲಿ,
ಜಿನೀವಾದ ಕಚೇರಿಯ ಬಾಗಿಲ ಮೇಲೆ
ಪೆಂಡಾ ಲಾಮ್ ಎಂದಿದೆ.

ಪೆಂಡಾ ಒಂದೂವರೆ ವರ್ಷಕ್ಕೆ ದಡಾರದಲ್ಲಿ ಹೋದಳು.
ಅವಳು ಹುಟ್ಟಿದ್ದನ್ನು ಅಪ್ಪ ಪೊದೋರಿಗೆ ಹೋಗಿ ಬರೆಸಿದ್ದ,
ಆ ವಾರ ದೋಣಿ ಸಿಕ್ಕಿತ್ತು, ಅಷ್ಟೆ.
ಸತ್ತದ್ದನ್ನು ಬರೆಸಲು ಯಾರು ಹೋಗುತ್ತಾರೆ?
ನಾನು ಹುಟ್ಟಿದಾಗ ಸೆನೆಗಲ್ ಹೊಳೆ ದಡ ಮೀರಿತ್ತು,
ಆಮೇಲೆ ಜೋಳದ ಕುಯಿಲು, ಆಮೇಲೆ ಮರೆವು.

ಪರೀಕ್ಷೆಗೆ ಕೂರಲು ಜನನ ಪತ್ರ ಬೇಕೆಂದರು ಮೇಷ್ಟ್ರು.
ಅಮ್ಮ ಸೋರೆಬುರುಡೆಯ ತಳದಿಂದ ತೆಗೆದು
ತೊಡೆಯ ಮೇಲಿಟ್ಟು ಉಜ್ಜಿ ಉಜ್ಜಿ ಮಡಿಕೆ ಬಿಡಿಸಿದಳು.
ಅಕ್ಕನ ಅಂಗಿ ತಂಗಿಗೆ ಬರುವ ಹಾಗೆ
ಅದೂ ನನಗೆ ಬಂತು. ಎರಡು ವರ್ಷ ದೊಗಲೆ.
"ಬೆಳೀತಾ ಸರಿಹೋಗುತ್ತೆ ಬಿಡೇ."

ಬೆಳೆದೆ.
ಡಕಾರಿನಲ್ಲಿ ಕಾನೂನು ಓದಿದೆ, ಬಾಡಿಗೆ ಕೋಣೆಯಲ್ಲಿ
ಐದು ಹುಡುಗಿಯರು, ಎರಡು ಚಾಪೆ, ಪಾಳಿಯಲ್ಲಿ ನಿದ್ದೆ.
ಮೊದಲ ಮೊಕದ್ದಮೆ, ಬಸುರಿ ಹುಡುಗಿಯನ್ನು
ತರಗತಿಯಿಂದ ಹೊರಗಟ್ಟಿದ ಮುಖ್ಯೋಪಾಧ್ಯಾಯನ ಮೇಲೆ.
ಗೆದ್ದೆ. ತೀರ್ಪು ಬರುವ ಹೊತ್ತಿಗೆ
ಅವಳ ಮಗುವಿಗೇ ಶಾಲೆಗೆ ಸೇರುವ ವಯಸ್ಸು.

ಆಮೇಲೆ ವಿಮಾನಗಳು. ಗಡಿಗಳ ಡೇರೆ ಶಾಲೆಗಳು,
ಬೋರ್ಡಿಲ್ಲದೆ ಲಾರಿಯ ಬೆನ್ನಿನ ಮೇಲೆ ಸೀಮೆಸುಣ್ಣ.
ಆಮೇಲೆ ಗಾಜಿನ ಕೋಣೆ, ಕಿವಿಯಲ್ಲಿ ಅನುವಾದಕರ ಉಸಿರು,
'ನೋಂದಾಯಿತ ಪ್ರತಿಯೊಂದು ಮಗುವಿಗೂ' ಎಂಬ ಸಾಲಿನಿಂದ
ಮೊದಲ ಪದ ಕೀಳಲು ಮೂರು ದಿನ ಜಗಳ.
ಕಿತ್ತೆವು. ಚಪ್ಪಾಳೆಯೇನೂ ಇರಲಿಲ್ಲ,
ಯಾರೋ ಸ್ಯಾಂಡ್‌ವಿಚ್ ತರಿಸಿದರು.
ಇಪ್ಪತ್ತಾರು ವರ್ಷದಲ್ಲಿ ನಾನು ಬರೆದದ್ದು ಕಡಿಮೆ,
ಹೊಡೆದು ಹಾಕಿಸಿದ್ದೇ ಹೆಚ್ಚು.
ಪ್ರತಿ ಪುಟದ ಕೆಳಗೂ ಸತ್ತ ಮಗುವಿನ ರುಜು.

ಸಹೋದ್ಯೋಗಿಗಳು ವರ್ಷವರ್ಷವೂ ಕೇಕು ತರುತ್ತಾರೆ,
ಅವಳು ಹುಟ್ಟಿದ ದಿನ.
ಅವಳ ಉಸಿರನ್ನೇ ಸಾಲ ಪಡೆದಂತೆ ಊದುತ್ತೇನೆ.
ನಿವೃತ್ತಿಯೂ ಎರಡು ವರ್ಷ ಮೊದಲೇ ಬರುತ್ತದೆ.

ಹೋದ ಫೆಬ್ರವರಿಯಲ್ಲಿ ನಮ್ಮೂರ ಪಕ್ಕದ ಶಾಲೆಗೆ
ನ್ಯಾಯಾಲಯವೇ ಜೀಪಿನಲ್ಲಿ ಬಂತು.
ಮಕ್ಕಳ ಬೆಂಚಿಗೆ ಮೊಣಕಾಲು ಸಿಕ್ಕಿಸಿಕೊಂಡು ಕೂತರು ನ್ಯಾಯಾಧೀಶರು.
ಮಗುವಿಗೊಂದು ಅರ್ಜಿ, ಅರ್ಜಿಗಿಬ್ಬರು ಸಾಕ್ಷಿ.
"ಇವನು ಹುಟ್ಟಿದ್ದು ಮಿಡತೆ ಬಂದ ವರ್ಷ."
"ಅಲ್ಲ, ಮಿಡತೆ ಹೋದ ಮೇಲೆ."
ನಲವತ್ತನೆಯವಳು ರಾಕಿ. ಅವಳಜ್ಜಿ ಬಟ್ಟೆಯ ಗಂಟು ಬಿಚ್ಚಿ
ಹಳೇ ಕಾಗದವೊಂದನ್ನು ನನ್ನ ಕೈಗಿಟ್ಟಳು, ಮೆಲ್ಲಗೆ:
"ಇವಳಕ್ಕನದು. ಅವಳಿಗೆ ಇನ್ನು ಬೇಡ."
ಆ ಮಡಿಕೆ ನನ್ನ ಬೆರಳಿಗೆ ಗೊತ್ತಿತ್ತು.

"ಏನದು, ಮೇಡಂ?"
ಬೇರೆಯವರ ಕಾಗದ ತೋರಿಸುವುದು ಅಪರಾಧ,
ಯಾವ ಕಲಮು ಎಂಬುದೂ ನನಗೆ ಬಾಯಿಪಾಠ.
"ಏನಿಲ್ಲ. ಈ ಹುಡುಗಿಗೆ ಕಾಗದವೇ ಇಲ್ಲ,
ಹೊಸದು ಬರೆಯಬೇಕು." ದನಿ ತುಸು ಜೋರಾಯಿತು.
ಗುಮಾಸ್ತ ಬರೆದ: ರಾಕಿ, ಒಂಬತ್ತು ವರ್ಷ.
ಅವಳದೇ ಅಳತೆ.

ಸಂಜೆ ಒಂದು ಖಾಲಿ ಅರ್ಜಿ ಉಳಿಯಿತು.
ಚೀಲಕ್ಕೆ ಹಾಕಿಕೊಂಡೆ, ಯಾಕೋ.
ತುಂಬಿದರೆ ಸಾಕ್ಷಿ ಯಾರು? ಅಮ್ಮ ಇಲ್ಲ, ಸೂಲಗಿತ್ತಿ ಇಲ್ಲ,
ಹೊಳೆಗೆ ಈಗ ಅಣೆಕಟ್ಟು, ಅದಕ್ಕೂ ಆ ನೆರೆ ನೆನಪಿಲ್ಲ.

ರಾಕಿ ಜೀಪಿನ ತನಕ ಬಂದಳು. "ನಿಮ್ಮ ಹೆಸರು?"
"ಪೆಂಡಾ."
ಬೆರಳು ಮಡಿಸಿ ಎಣಿಸಿದಳು.
"ಹಾಗಾದ್ರೆ ತಕ್ಕೊ? ನಿಮಗೆ ತಂಗಿ ಇಲ್ವಾ?"

ಇದ್ದಾಳೆ, ಅಂದೆ.
ಓದಲು ಹೋಗಿದ್ದಾಳೆ.